ಮುಲಾಮು ಆಮೇಲೆ, ಮೊದಲು ನೀರು

ಈ ಮಂಡಿ ನೋಡಿ. ಚಿಪ್ಪಿನ ಸ್ವಲ್ಪ ಕೆಳಗೆ, ಸಾಸಿವೆ ಕಾಳಿಗಿಂತ ಚಿಕ್ಕದೊಂದು ನೀಲಿ ಚುಕ್ಕೆ ಕಾಣುತ್ತಿದೆ ಅಲ್ವಾ? ಹುಟ್ಟುಮಚ್ಚೆ ಅಲ್ಲ, ಹಚ್ಚೆ ಹಾಕಿಸಿದ್ದೂ ಅಲ್ಲ. ಕಳೆದ ವರ್ಷ ಇಳಿಜಾರಿನಲ್ಲಿ ಬಿದ್ದಾಗ ಒಳಗೆ ಹೋದ ಮಣ್ಣಿನ ಕಣ. ಅದು ಅಲ್ಲೇ ಮನೆ ಮಾಡಿಕೊಂಡಿದೆ. ಬಾಗಿಲು ಹಾಕಿಕೊಟ್ಟಿದ್ದು ನಾನೇ, ನನ್ನ ಕೈಯಾರೆ ಮಾಡಿದ ಮುಲಾಮಿನಿಂದ.

ಆವತ್ತು ಕ್ಯಾಮೆರಾ ಕಡೆ ಮುಖ ಮಾಡಿ ಹಿಮ್ಮುಖವಾಗಿ ನಡೆಯುತ್ತಿದ್ದೆ. ಬುದ್ಧಿವಂತಿಕೆ ನೋಡಿ! ಸಣ್ಣ ಕಲ್ಲುಗಳ ಮೇಲೆ ಕಾಲು ಜಾರಿತು. ಮಂಡಿ ತರಚಿತು, ಅಂಗೈ ಉಜ್ಜಿಹೋಯಿತು. ರಕ್ತ ಜಾಸ್ತಿ ಏನಿಲ್ಲ, ಅಲ್ಲಲ್ಲಿ ಜಿನುಗುತ್ತಿತ್ತು ಅಷ್ಟೇ. ಜೇಬಿನಲ್ಲಿ ಹೊಸ ಮುಲಾಮಿನ ಡಬ್ಬಿ ಇತ್ತು. ಆಹಾ, ಒಳ್ಳೇ ಸೀನ್ ಸಿಕ್ಕಿತು ಅಂತ ಬೆರಳಿನ ತುಂಬ ತೆಗೆದು ಮಣ್ಣಿನ ಮೇಲೆಯೇ ಬಳಿದೆ. ಜೊತೆಗಿದ್ದ ಗೆಳತಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ, "ಮೊದಲು ತೊಳಿಯೇ ಮಾರಾಯ್ತಿ" ಅಂದಳು. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಜಿಡ್ಡಿನ ಮೇಲೆ ನೀರು ಹನಿ ಹನಿಯಾಗಿ ಉರುಳಿ ಹೋಯಿತು. ಮಣ್ಣು ಅಲ್ಲಾಡಲಿಲ್ಲ. ಸಂಜೆ ಸೋಪಿನ ನೊರೆ, ಒದ್ದೆ ಬಟ್ಟೆ ಹಿಡಿದು ಉಜ್ಜುವಾಗ, ಬಿದ್ದಾಗಿನ ನೋವೇ ವಾಸಿ ಅನ್ನಿಸಿತು. ಎಲ್ಲ ಬಂತು. ಇದೊಂದು ಬರಲಿಲ್ಲ.

ಹಚ್ಚೆಯ ಶಾಯಿ ಚರ್ಮದೊಳಗೆ ಕೂರುತ್ತದಲ್ಲ, ಇದೂ ಹಾಗೇ. ಗಾಯದಲ್ಲಿ ಮಣ್ಣು ಉಳಿದರೆ ಹೊಸ ಚರ್ಮ ಅದರ ಮೇಲೆಯೇ ಬೆಳೆದು ಮುಚ್ಚಿಬಿಡುತ್ತದೆ. ಹಾಗಾಗಿ ಇವತ್ತು ಮುಲಾಮು ಮಾಡುವುದನ್ನು ತೋರಿಸುತ್ತೇನೆ, ಆದರೆ ಅದನ್ನು ಯಾವಾಗ ಮುಟ್ಟಬಾರದು ಅನ್ನುವುದನ್ನೂ ಹೇಳುತ್ತೇನೆ.

ತರಚಿದ ಗಾಯಕ್ಕೆ ಮೊದಲು ಬೇಕಾದ್ದು ಶುದ್ಧ ನೀರು. ಧಾರೆಯಾಗಿ ಬಿಡಿ, ಕೆಲವು ನಿಮಿಷ ಬಿಡುತ್ತಲೇ ಇರಿ. ಸುತ್ತಲಿನ ಚರ್ಮಕ್ಕೆ ಸೋಪು. ಕಲ್ಲಿನ ಚೂರು ಕಂಡರೆ ಸ್ವಚ್ಛ ಮಾಡಿದ ಚಿಮಟದಿಂದ ಮೆತ್ತಗೆ ತೆಗೆಯಿರಿ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಬುಸ್ ಅಂತ ನೊರೆ ಬರುತ್ತದೆ, ಏನೋ ದೊಡ್ಡ ಕೆಲಸ ನಡೆಯುತ್ತಿದೆ ಅನ್ನಿಸುತ್ತದೆ. ಆದರೆ ಅದು ಗಾಯ ಮಾಯಿಸಲು ಬಂದ ಜೀವಕೋಶಗಳನ್ನೂ ಸುಡುತ್ತದೆ. ಸ್ಪಿರಿಟ್ ಕತೆಯೂ ಅದೇ. ಬೇಡ.

ಸರಿ, ಈಗ ಅಡುಗೆಮನೆಗೆ ಬನ್ನಿ.

ಈ ಗಾಜಿನ ಜಾಡಿಯಲ್ಲಿ ಇರುವುದು ಕ್ಯಾಲೆಂಡುಲಾ ಹೂವು. ಇಲ್ಲಿ ಹೆಸರಿನದ್ದೊಂದು ಗೊಂದಲ ಇದೆ. ಇಂಗ್ಲಿಷಿನಲ್ಲಿ ಇದಕ್ಕೂ ಮೇರಿಗೋಲ್ಡ್ ಅನ್ನುತ್ತಾರೆ, ನಮ್ಮ ಚೆಂಡುಹೂವಿಗೂ ಮೇರಿಗೋಲ್ಡ್ ಅನ್ನುತ್ತಾರೆ. ಆದರೆ ಚೆಂಡುಹೂವು ಟ್ಯಾಜೆಟಿಸ್ ಜಾತಿಯ ಗಿಡ. ಮುಲಾಮಿಗೆ ಬೇಕಾದ್ದು ಕ್ಯಾಲೆಂಡುಲಾ ಅಫಿಷಿನಾಲಿಸ್. ಗಿಡದಿಂದ ಕಿತ್ತಾಗ ಬೆರಳು ಅಂಟಂಟಾಗುತ್ತದೆ, ಹೂವಿನ ಕೆಳಗಿನ ಹಸಿರು ಭಾಗದಲ್ಲಿ ಅಂಟು ಜಾಸ್ತಿ. ನಮಗೆ ಬೇಕಾದ ಸಾರದಲ್ಲಿ ಒಂದಷ್ಟು ಆ ಅಂಟಿನಲ್ಲೇ ಇದೆ. ಅದಕ್ಕೇ ಬರೀ ಎಸಳು ಬಿಡಿಸದೆ ಇಡೀ ಹೂವನ್ನು ಒಣಗಿಸುತ್ತೇನೆ.

ಚೆನ್ನಾಗಿ ಒಣಗಿರಬೇಕು. ಹಿಸುಕಿದರೆ ಗರಿಗರಿ ಅಂತ ಪುಡಿಯಾಗಬೇಕು. ಹೊರಗಿನ ಎಸಳು ಒಣಗಿ ನಡುಭಾಗ ಮೆತ್ತಗೆ ಇದ್ದರೆ ಮೋಸ ಹೋದಿರಿ ಅಂತಲೇ ಲೆಕ್ಕ. ನೀರಿನ ಅಂಶ ಎಣ್ಣೆಗೆ ಸೇರಿದರೆ ಬೂಸ್ಟು ಬರುತ್ತದೆ. ನನ್ನ ಮೊದಲ ಜಾಡಿಯ ಮುಚ್ಚಳ ತೆಗೆದಾಗ ಒಳಗೆ ಬೂದು ಬಣ್ಣದ ಹತ್ತಿ ಹಾಸಿದ ಹಾಗಿತ್ತು. ಸೀದಾ ಕಸಕ್ಕೆ.

ಒಣಗಿದ ಹೂವು ಮುಳುಗುವಷ್ಟು ಎಳ್ಳೆಣ್ಣೆ ಹಾಕಿ, ಕತ್ತಲಲ್ಲಿ ನಾಲ್ಕು ವಾರ ಇಟ್ಟಿದ್ದೆ. ಕೊಬ್ಬರಿ ಎಣ್ಣೆಯೂ ಆಗುತ್ತದೆ, ಆದರೆ ಅದು 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಅದೊಂದರಲ್ಲೇ ಮಾಡಿದರೆ ಚಳಿಗೆ ಮುಲಾಮು ಕಲ್ಲಾಗುತ್ತದೆ, ಉಗುರಿನಲ್ಲಿ ಕೆರೆದು ತೆಗೆಯಬೇಕು. ಈಗ ತೆಳು ಬಟ್ಟೆಯಲ್ಲಿ ಸೋಸುತ್ತೇನೆ. ಬಣ್ಣ ನೋಡಿ, ಹೊಂಬಣ್ಣ.

100 ಮಿಲಿಲೀಟರ್ ಎಣ್ಣೆಗೆ 20 ಗ್ರಾಂ ಜೇನುಮೇಣ. ಚಮಚದ ಲೆಕ್ಕ ಬೇಡ, ತೂಕ ಮಾಡಿ. ಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ, ಅಂದರೆ ನೀರು ಕುದಿಯುವುದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ನೇರ ಉರಿ ಮೇಲೆ ಇಡಬೇಡಿ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟರೆ ಸಾಕು. ಒಂದು ಹನಿ ನೀರೂ ಒಳಗೆ ಸಿಡಿಯದ ಹಾಗೆ ನೋಡಿಕೊಳ್ಳಿ. ಕರಗಿದ ಮೇಲೆ, ಫ್ರಿಜ್ಜಿನಲ್ಲಿಟ್ಟ ಈ ಚಮಚದ ಬೆನ್ನಿಗೆ ಒಂದು ತೊಟ್ಟು ಬಿಡುತ್ತೇನೆ. ಒಂದು ನಿಮಿಷ ಕಾಯಿರಿ. ಬೆರಳು ಒತ್ತಿದರೆ ಗುರುತು ಬೀಳಬೇಕು, ಮೈಯ ಬಿಸಿಗೆ ಕರಗಿ ಜಾರಬೇಕು. ಹಾಂ, ಸರಿಯಾಗಿದೆ. ತೀರಾ ಗಟ್ಟಿ ಅನ್ನಿಸಿದರೆ ಎಣ್ಣೆ ಸೇರಿಸಿ, ತೀರಾ ಮೆತ್ತಗಿದ್ದರೆ ಮೇಣ.

ಸುವಾಸನೆಗೆ ಅಂತ ಟೀ ಟ್ರೀ, ಲ್ಯಾವೆಂಡರ್ ಎಣ್ಣೆ ಹಾಕುವವರು ತುಂಬ ಜನ ಇದ್ದಾರೆ. ನಾನು ಬಿಟ್ಟಿದ್ದೇನೆ. ಹಳೆಯದಾದ ಟೀ ಟ್ರೀ ಎಣ್ಣೆ ಗಾಳಿ ತಾಗಿ ಕೆಟ್ಟಮೇಲೆ ಚರ್ಮಕ್ಕೆ ಅಲರ್ಜಿ ತರುವುದು ಜಾಸ್ತಿ. ತರಚಿದ ಚರ್ಮಕ್ಕೆ ಪರಿಮಳ ಯಾಕೆ ಬೇಕು ಹೇಳಿ. ಅರಿಶಿನ ಹಾಕಬಹುದು, ಆದರೆ ಬಟ್ಟೆಗೆ ಹತ್ತಿದ ಕಲೆ ಹೋಗದಿದ್ದರೆ ನನ್ನನ್ನು ಬೈಯಬೇಡಿ. ಕೆಲವರು ಮುಲಾಮಿಗೆ ಹಾಕುವ ಕಾಂಫ್ರೀ ಅನ್ನುವ ಗಿಡದ ಎಲೆ ಬೇಡವೇ ಬೇಡ. ಲಿವರ್‌ಗೆ ಕೆಟ್ಟದ್ದು ಮಾಡುವ ಆಲ್ಕಲಾಯ್ಡ್‌ಗಳು ಅದರಲ್ಲಿವೆ, ಒಡೆದ ಚರ್ಮದ ಹತ್ತಿರ ಅದು ಹೋಗಬಾರದು.

ಇನ್ನು, ಇದು ಕೆಲಸ ಮಾಡುತ್ತದಾ? ನನ್ನ ಅಂದಾಜು ಹೇಳುತ್ತೇನೆ. ಅರ್ಧಕ್ಕಿಂತ ಜಾಸ್ತಿ ಕೆಲಸ ಹೂವಿನದಲ್ಲ, ಎಣ್ಣೆ ಮತ್ತು ಮೇಣದ್ದು. ಅವು ಚರ್ಮದ ಮೇಲೆ ಪದರ ಕಟ್ಟಿ ತೇವ ಹಾರಿಹೋಗದಂತೆ ತಡೆಯುತ್ತವೆ, ಉಜ್ಜಾಟವನ್ನೂ ಕಡಿಮೆ ಮಾಡುತ್ತವೆ. ಗಾಯ ಗಾಳಿಗೆ ಒಣಗಿ ಹೊಪ್ಪಳೆ ಕಟ್ಟಲಿ ಅಂತ ಬಿಡುತ್ತಿದ್ದೆವಲ್ಲ, ಅದು ಸರಿಯಲ್ಲ ಅಂತ ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲೇ ತೋರಿಸಿದರು. ಹಂದಿಗಳ ಮೈಮೇಲಿನ ಮೇಲ್ಪದರದ ಗಾಯಗಳನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿ ಒದ್ದೆಯಾಗಿಟ್ಟಾಗ, ಗಾಳಿಗೆ ಬಿಟ್ಟ ಗಾಯಗಳಿಗಿಂತ ಬೇಗ ಹೊಸ ಚರ್ಮ ಬಂತು. ಆ ತೇವ ಉಳಿಸುವ ಕೆಲಸವನ್ನು ಸಾದಾ ಪೆಟ್ರೋಲಿಯಂ ಜೆಲ್ಲಿಯೂ ಮಾಡುತ್ತದೆ. ಕ್ಯಾಲೆಂಡುಲಾವನ್ನು ಸಣ್ಣ ಗಾಯಗಳಿಗೆ ಬಳಸಬಹುದು ಅಂತ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯಾದ ಯುರೋಪಿಯನ್ ಮೆಡಿಸಿನ್ಸ್ ಏಜೆನ್ಸಿ ಒಪ್ಪಿರುವುದು ಕೂಡ ಬಹುಕಾಲದ ಬಳಕೆಯ ಆಧಾರದ ಮೇಲೆ, ದೊಡ್ಡ ಪ್ರಯೋಗಗಳ ಆಧಾರದ ಮೇಲಲ್ಲ. ಇಷ್ಟು ಗೊತ್ತಿದ್ದೂ ನಾನು ಯಾಕೆ ಮಾಡುತ್ತೇನೆ? ಮಾಡುವುದು ಇಷ್ಟ, ಅಷ್ಟೇ.

ಮನೆಯಲ್ಲಿ ಮಾಡಿದ್ದು ಎಷ್ಟು ಚೊಕ್ಕವಾಗಿದ್ದರೂ ಕ್ರಿಮಿಮುಕ್ತ ಅಲ್ಲ. ಹಾಗಾಗಿ ರಕ್ತ ಜಿನುಗುವ ಹಸಿ ಗಾಯಕ್ಕೆ ಇದನ್ನು ಹಚ್ಚುವುದನ್ನೇ ನಿಲ್ಲಿಸಿದ್ದೇನೆ. ಅಲ್ಲಿಗೆ ಹೊಸ ಟ್ಯೂಬಿನ ಪೆಟ್ರೋಲಿಯಂ ಜೆಲ್ಲಿ, ಮೇಲೊಂದು ಬ್ಯಾಂಡೇಜ್. ಮೇಲ್ಪದರ ಕೂಡಿಕೊಂಡು ಗುಲಾಬಿ ಚರ್ಮ ಬಿಗಿಯತೊಡಗಿದಾಗ ಈ ಡಬ್ಬಿ ತೆಗೆಯುತ್ತೇನೆ. ತೊಡೆ ಉಜ್ಜಿ ಕೆಂಪಾದಾಗ, ಹಿಮ್ಮಡಿ ಒಣಗಿ ಬಿರಿದಾಗ, ಗಾಳಿಗೆ ತುಟಿ ಸಿಪ್ಪೆ ಎದ್ದಾಗಲೂ ಅಷ್ಟೇ. ನಡೆಯಲು ಹೊರಡುವ ಮುಂಚೆ ಕಾಲ್ಬೆರಳ ಸಂದಿಗೆ ಸವರಿಕೊಳ್ಳುತ್ತೇನೆ. ಗುಳ್ಳೆ ಏಳುವುದು ಉಜ್ಜಾಟದಿಂದ ತಾನೇ. ಎದ್ದುಬಿಟ್ಟರೆ ಚುಚ್ಚಬೇಡಿ, ಆ ಚರ್ಮವೇ ಅದಕ್ಕೆ ಒಳ್ಳೇ ಬ್ಯಾಂಡೇಜ್.

ಸುಟ್ಟಿದ್ದರೆ 20 ನಿಮಿಷ ತಂಪು ನೀರಿನ ಧಾರೆ ಮಾತ್ರ. ಜಿಡ್ಡು ಬಳಿದರೆ ಬಿಸಿ ಒಳಗೇ ಸಿಕ್ಕಿಕೊಳ್ಳುತ್ತದೆ. ಪ್ರಾಣಿ ಕಚ್ಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಸೀದಾ ಆಸ್ಪತ್ರೆಗೆ. ಮೊಳೆ ಚುಚ್ಚಿದ ಆಳದ ಗಾಯ, ಬಾಯಿ ತೆರೆದುಕೊಂಡ ಗಾಯ, ಸುತ್ತ ಕೆಂಪು ಹರಡಿ ಕೀವು ಬಂದ ಗಾಯ, ಇವೂ ಡಾಕ್ಟರ ಕೆಲಸ. ಗಾಯಕ್ಕೆ ಮಣ್ಣಾಗಿದ್ದು, ಟೆಟನಸ್ ಇಂಜೆಕ್ಷನ್ ಹಾಕಿಸಿ ಐದು ವರ್ಷ ದಾಟಿದ್ದರೆ ಅದನ್ನೂ ಕೇಳಿ.

ಸೇವಂತಿಗೆ ಜಾತಿಯ ಹೂಗಳಿಗೆ ಅಲರ್ಜಿ ಇರುವವರಿಗೆ ಕ್ಯಾಲೆಂಡುಲಾವೂ ಆಗದಿರಬಹುದು, ಅದೇ ಕುಟುಂಬ. ಯಾರೇ ಆಗಲಿ, ಮೊದಲು ಮುಂಗೈಯ ಒಳಭಾಗಕ್ಕೆ ಚೂರು ಹಚ್ಚಿ ಎರಡು ದಿನ ನೋಡಿ.

ಡಬ್ಬಿಗಳು ತಣಿಯುತ್ತಿವೆ. ಅಂಚಿನಿಂದ ಒಳಕ್ಕೆ ಬಣ್ಣ ಮಸುಕಾಗುವುದು ಕಾಣುತ್ತಿದೆಯಾ? ಪೂರ್ತಿ ತಣಿಯುವ ತನಕ ಮುಚ್ಚಳ ಹಾಕಬೇಡಿ, ಬೆವರು ಕಟ್ಟುತ್ತದೆ. ತಾರೀಕು ಬರೆದಿಡಿ, ಎಣ್ಣೆ ಕಮಟು ವಾಸನೆ ಬಂದ ದಿನ ಎಸೆಯಿರಿ. ಈ ಮುಚ್ಚಳದ ಮೇಲೆ "ತೊಳೆದ್ಯಾ?" ಅಂತ ಬರೆದಿರುವುದು ನನ್ನ ಅಕ್ಷರ ಅಲ್ಲ. ಯಾರದ್ದು ಅಂತ ಗೊತ್ತಾಯಿತಲ್ಲ.

ಮೇಣದ ಪಾತ್ರೆಯನ್ನು ಸಿಂಕಿಗೆ ಹಾಕಬೇಡಿ, ಪೈಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಬಿಸಿ ಇರುವಾಗಲೇ ಹಳೆ ಕಾಗದದಲ್ಲಿ ಒರೆಸಬೇಕು. ನಂದು ಆಗಲೇ ಅರ್ಧ ಗಟ್ಟಿಯಾಗಿದೆ, ಮಾತಾಡುತ್ತಾ ನಿಂತುಬಿಟ್ಟೆ. ಬರುತ್ತೇನೆ.