ಊರಲ್ಲೇ ಉಳ್ಕೊಂಡವನ ದೀಪಾವಳಿ | ಹಾಸನ ವ್ಲಾಗ್

ಹಾಯ್ ಎಲ್ರಿಗೂ, ನಮಸ್ಕಾರ. ಈಗ ಬೆಳಿಗ್ಗೆ ಎಂಟೂವರೆ, ಈಗ ಕೇಳಿಸ್ತಲ್ಲ ಕಿರ್ರ್ ಅಂತ, ಅದು ನಮ್ಮ ಅಂಗಡಿ ಶಟರ್ರು, ಎಣ್ಣೆ ಬಿಡ್ಬೇಕು ಬಿಡ್ಬೇಕು ಅಂತ ಎರಡು ವರ್ಷ ಆಯ್ತು. ಮೋಟಾರ್ ರಿವೈಂಡಿಂಗ್ ಅಂಗಡಿ, ಅಂದ್ರೆ ಸುಟ್ಟೋದ ಮೋಟಾರಿಗೆ ಹೊಸ ವೈರ್ ಸುತ್ತಿ ಕೊಡೋದು, ಅಪ್ಪ ಶುರು ಮಾಡಿದ್ದು. ನಾನು ಇಲ್ಲೇ ಸಾಲಗಾಮೆ ರೋಡಿನ ಎಂಸಿಇಲಿ, ಅಂದ್ರೆ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜಲ್ಲಿ ಎಲೆಕ್ಟ್ರಿಕಲ್ ಮುಗಿಸಿ, ಬೆಂಗಳೂರಲ್ಲಿ ಆರು ತಿಂಗಳು ಪೀಜಿಲಿ ನೀರು ಸಾರು ತಿಂದ್ಕೊಂಡು ಇಂಟರ್‌ವ್ಯೂ ಇಂಟರ್‌ವ್ಯೂ ಅಂತ ಸುತ್ತಿ, ಅಪ್ಪಂಗೆ ಬೆನ್ನು ನೋವು ಜಾಸ್ತಿ ಆಯ್ತು ಅಂದಾಗ ಒಂದ್ ತಿಂಗ್ಳು ನೋಡ್ಕೊಂಡು ಬತ್ತೀನಿ ಅಂತ ಬಂದವನು. ಆ ಒಂದ್ ತಿಂಗ್ಳು ಇನ್ನೂ ನಡೀತಾ ಇದೆ.

ಇದು ನೋಡಿ, ಸ್ವಲ್ಪ ಹತ್ರ ತೋರಿಸ್ತೀನಿ. 3 ಎಚ್‌ಪಿ ಮೋನೋಬ್ಲಾಕು, ಅಂದ್ರೆ ಪಂಪೂ ಮೋಟಾರೂ ಒಂದೇ ಆಗಿರೋದು, ಸ್ಟಾರ್ ಕನೆಕ್ಷನ್ನು, ಮೂರು ಫೇಸಿನ ಕಾಯಿಲ್‌ಗಳ ಒಂದೊಂದು ತುದಿ ಒಟ್ಟಿಗೆ ಸೇರಿಸಿರೋದು. ಕರೆಂಟಿನ ಮೂರು ಲೈನಲ್ಲಿ ಒಂದು, ಅಂದ್ರೆ ಒಂದು ಫೇಸ್ ಹೋಗಿದ್ರೂ ಓಡಿಸಿದಾರೆ, ಅದಕ್ಕೆ ಎರಡು ಫೇಸಿನ ಕಾಯಿಲ್ ಸುಟ್ಟು ಇದ್ದಿಲಾಗಿದೆ, ಮೂರನೇದು ಮಾತ್ರ ಕೆಂಪಗೆ ಹೊಸದರ ಥರ ಹಾಗೇ ಕೂತಿದೆ. ಇದನ್ನ ಕಾಲೇಜಲ್ಲಿ ಸಿಂಗಲ್ ಫೇಸಿಂಗ್ ಅಂತ ಬೋರ್ಡ್ ತುಂಬಾ ಬರೆದು ಪಾಠ ಮಾಡಿದ್ರು, ನಾನು ಲಾಸ್ಟ್ ಬೆಂಚಲ್ಲಿ ಏನ್ ಮಾಡ್ತಿದ್ದೆ ಅಂತ ಕೇಳ್ಬೇಡಿ. ಬೇಸಿಗೆಲಿ ಅಂತೂ ಅಂಗಡಿ ಮುಂದೆ ಸುಟ್ಟ ಮೋಟಾರುಗಳದ್ದೇ ಸಾಲು, 'ಶುಂಠಿ ಒಣಗ್ತಾ ಕೂತದೆ ಕಣಪ್ಪ, ಸಂಜೆಗೆ ಕೊಡು' ಅಂತಾರೆ, ಸಂಜೆಗೆ ಎಲ್ಲಿಂದ ಆಗುತ್ತೆ, ಆದ್ರೂ ಹೂಂ ಅಂತೀವಿ.

ಸರಿ, ಇವತ್ತಿನ ವಿಷ್ಯ ಮೋಟಾರಲ್ಲ, ಫ್ರೆಂಡ್ಸು. ನಾವು ಐದು ಜನ, ಯಾರ ಹೆಸರೂ ಯಾರೂ ಕರೀತಿರ್ಲಿಲ್ಲ, ಊರಿನ ಹೆಸರೇ ಹೆಸರು. ಅರಕಲಗೂಡು, ಸಕಲೇಶಪುರ, ಚನ್ನರಾಯಪಟ್ಟಣ ಉದ್ದ ಆಯ್ತು ಅಂತ ಬರೀ ಪಟ್ಣ, ಆಮೇಲೆ ಬೇಲೂರು. ನಾನೊಬ್ನೇ ಲೋಕಲ್, ಅದಕ್ಕೆ ನನ್ನ ಹೆಸರೂ ಲೋಕಲ್ಲೇ. ಕಾಲೇಜ್ ಹತ್ರ ಒಂದು ಟೀ ಅಂಗಡಿ, ಅಲ್ಲಿ ಮೂರು ಟೀ ಐದು ಲೋಟ ಅಂತ ಹೇಳಿ ಮೂರೂವರೆ ಗಂಟೆ ಕೂರ್ತಿದ್ವಿ. ಏನ್ ಮಾತಾಡ್ತಿದ್ವಿ ಅಂತ ಈಗ ನೆನಪು ಮಾಡ್ಕೊಂಡ್ರೆ ಒಂದೂ ನೆನಪಾಗಲ್ಲ, ನಿಜವಾಗ್ಲೂ. ಪಟ್ಣ ಒಂದ್ಸಲ ಬೋಂಡ ಗಂಟಲಿಗೆ ಸಿಕ್ಕಾಕ್ಕೊಂಡು ಕಣ್ಣಲ್ಲಿ ನೀರು ಬಂದಾಗ ಸಕಲೇಶಪುರ ಅವನ ಬೆನ್ನಿಗೆ ಗುದ್ದೋ ಬದ್ಲು ಉಳಿದಿದ್ದ ಬೋಂಡ ತಿಂದಿದ್ದು ಒಂದು ನೆನಪಿದೆ.

ಈಗ ನಾಲ್ಕೂ ಜನ ಬೆಂಗಳೂರು. ಗ್ರೂಪಲ್ಲಿ ಬರ್ತ್‌ಡೇ ಬಿಟ್ರೆ ಬೇರೆ ಮೆಸೇಜಿಲ್ಲ. ಸೇರೋದು ವರ್ಷಕ್ಕೊಂದ್ಸಲ, ಹಾಸನಾಂಬ ಬಾಗಿಲು ತೆಗೆದಾಗ. ಗೊತ್ತಿಲ್ದೋರಿಗೆ ಹೇಳ್ತೀನಿ, ನಮ್ಮೂರಿಗೆ ಹೆಸರು ಬಂದಿದ್ದೇ ಆ ತಾಯಿಯಿಂದ ಅಂತಾರೆ, ಆಶ್ವೀಜ ಹುಣ್ಣಿಮೆ ಆದ್ಮೇಲೆ ಬರೋ ಮೊದಲನೇ ಗುರುವಾರ ಬಾಗಿಲು ತೆಗೀತಾರೆ, ಬಲಿಪಾಡ್ಯಮಿ ಆದ್ಮೇಲೆ ಮುಚ್ಚಿದ್ರೆ ಮತ್ತೆ ಮುಂದಿನ ವರ್ಷಾನೇ. ಹಚ್ಚಿಟ್ಟ ದೀಪ ಆರಿರಲ್ಲ, ಹೂವು ಬಾಡಿರಲ್ಲ ಅನ್ನೋದು ಊರಿನ ನಂಬಿಕೆ. ಕ್ಯೂ ಅಂದ್ರೆ ಕ್ಯೂ, ದುಡ್ಡು ಕೊಟ್ಟು ಟಿಕೆಟ್ ತಗೊಂಡೋರೂ ಕ್ಯೂಲೇ ಇರ್ತಾರೆ. ನನ್ಗೆ ಆ ಕ್ಯೂನೇ ಇಷ್ಟ, ಎಲ್ಲಿಗೂ ಓಡೋಗಕ್ಕಾಗಲ್ವಲ್ಲ ನನ್ಮಕ್ಳು, ಗಂಟೆಗಟ್ಲೆ ಪಕ್ಕದಲ್ಲೇ ನಿಂತಿರ್ಬೇಕು.

ಹೋದ ಸಲ ದರ್ಶನ ಆದ್ಮೇಲೆ ಶೆಟ್ಟಿಹಳ್ಳಿ ಚರ್ಚಿಗೆ ಹೋಗಣ ಅಂದ್ರು. 1860ರ ಆಸುಪಾಸಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಹೇಮಾವತಿಗೆ ಗೊರೂರು ಡ್ಯಾಂ ಆದ್ಮೇಲೆ ಊರು ಖಾಲಿ ಆಯ್ತು, ಚರ್ಚು ಮಳೆಗಾಲದಲ್ಲಿ ನೀರಲ್ಲಿ, ಬೇಸಿಗೆಲಿ ನೆಲದ ಮೇಲೆ. ಕಾಲೇಜಲ್ಲಿದ್ದಾಗ ಎರಡು ಬೈಕಲ್ಲಿ ಐದು ಜನ ಹೋಗಿ, ಆ ಕಮಾನಿನ ನೆರಳಲ್ಲಿ ಮಧ್ಯಾಹ್ನ ಪೂರ್ತಿ ಮಲಗಿದ್ವಿ. ಹೋದ ಸಲ ಮಾತ್ರ ದೀಪಾವಳಿ ಟೈಮು, ಹೇಮಾವತಿ ತುಂಬಿತ್ತು, ಗೋಡೆ ಮೇಲಿನ ಅರ್ಧ ಅಷ್ಟೇ ಕಾಣ್ತಿತ್ತು. ದಡದಲ್ಲಿ ನಿಂತು ಫೋಟೋ, ರೀಲ್ಸು, ನಲವತ್ತು ನಿಮಿಷ, ಆಮೇಲೆ ಪಟ್ಣ ವಾಚ್ ನೋಡಿ 'ಲೋ ನೆಲಮಂಗಲ ಜಾಮ್ ಆಗೋದ್ರೊಳಗೆ ದಾಟ್ಬೇಕು' ಅಂದ. ಕಾರ್ ಹತ್ತೋವಾಗ ಬೇಲೂರು ಹೇಳ್ತಾನೆ, 'ನೀನೇ ಲಕ್ಕಿ ಬಿಡು ಮಗಾ, ಊರಲ್ಲೇ ಇದ್ದೀಯ.' ಪ್ರತಿ ವರ್ಷ ಯಾರಾದ್ರೂ ಒಬ್ರು ಇದನ್ನ ಹೇಳ್ತಾರೆ. ನಾನು ನಗ್ತೀನಿ. ಲಕ್ಕಿ ಅನ್ನೋನು ಬಂದು ಏಪ್ರಿಲಲ್ಲಿ ಒಂದಿನ ಅಂಗಡಿಲಿ ಕೂತು ಕಾಯಿಲ್‌ಗೆ ಹಾಕೋ ವಾರ್ನಿಷ್ ವಾಸ್ನೆ ಕುಡಿಲಿ.

ಅರಕಲಗೂಡು ಮಾತ್ರ ಕಾರ್ ಹತ್ಲಿಲ್ಲ. ಬಸ್ಸಲ್ಲಿ ಬತ್ತೀನಿ ನಡೀರಿ ಅಂದ. ಅಂಗಡಿಗೆ ಬಂದ, ಅಪ್ಪ 'ಬಾಪ್ಪಾ, ಕೂತ್ಕೋ' ಅಂತ ಸ್ಟೂಲ್ ತಳ್ಳಿದ್ರು. ಹಬ್ಬದ ದಿನಾನೂ ಒಂದು ಮೋಟಾರ್ ಅರ್ಜೆಂಟ್ ಇತ್ತು, ನಾನು ಉಳಿ ಇಟ್ಟು ಒಂದು ಕಡೆ ಕಾಯಿಲ್ ಕತ್ತರಿಸ್ತಿದ್ದೆ, ಇವನು ಏನೂ ಕೇಳ್ದೆ ಇನ್ನೊಂದ್ ಕಡೆಯಿಂದ ಪ್ಲೈಯರ್ ಹಾಕಿ ಸುಟ್ಟ ವೈರ್ ಎಳೆಯಕ್ಕೆ ಶುರು ಮಾಡ್ದ. 24 ಸ್ಲಾಟು, ಅಂದ್ರೆ ಕಾಯಿಲ್ ಕೂರೋ ಸಂದುಗಳು. ಒಂದೊಂದನ್ನೂ ಎಳ್ದು ಪೇಪರ್ ಮೇಲೆ ಇಡ್ತಾ, ಆಫೀಸಲ್ಲಿ ಲೇಆಫ್ ಲಿಸ್ಟಲ್ಲಿ ಇವನ ಹೆಸರು ಬಂದಿದೆ ಅಂತ ಹನ್ನೊಂದ್ನೇ ಸ್ಲಾಟಿನ ಹತ್ರ ಹೇಳ್ದ. ಬೆಳಿಗ್ಗೆಯಿಂದ ಯಾರಿಗೂ ಹೇಳಿರ್ಲಿಲ್ಲ, ಕ್ಯೂಲೂ ಹೇಳಿರ್ಲಿಲ್ಲ. ನಾನು ಏನ್ ಹೇಳ್ಬೇಕು ಅಂತ ಗೊತ್ತಾಗ್ದೆ ಮೂರು ಟೀ ತರಿಸ್ದೆ, ಅಪ್ಪಂದೂ ಸೇರಿ. ರಾತ್ರಿ ಧರ್ಮಸ್ಥಳದ ಕಡೆಯಿಂದ ಬರೋ ಬಸ್ಸಿಗೆ ಹತ್ತಿಸಿ ಬಂದೆ.

ನಾಲ್ಕು ದಿನ ಬಿಟ್ಟು ಮೆಸೇಜು. 'ಉಗುರು ಇನ್ನೂ ಕಪ್ಪಿದೆ ಕಣೋ. ಆ ಮೋಟಾರ್ ಓಡ್ತಾ?'

ಓಡ್ತು ಅಂದೆ. ಮೊದ್ಲು ಉಲ್ಟಾ ತಿರುಗ್ತು, ಎರಡು ವೈರ್ ಅದಲು ಬದಲು ಮಾಡ್ದೆ.