ವರ್ಚುವಲ್ ಫಂಕ್ಷನ್ ಪ್ರೈವೇಟ್ ಆಗಿಯೇ ಇರಲಿ

ನಮಸ್ಕಾರ. ಇವತ್ತು ಒಂದು ಪುಟ್ಟ ಸಿ ಪ್ಲಸ್ ಪ್ಲಸ್ ಕೋಡ್‌ನಿಂದ ಮಾತು ಶುರು ಮಾಡುತ್ತೇನೆ. ಬೇಸ್ ಕ್ಲಾಸ್, ಅಂದರೆ ಮೂಲ ಕ್ಲಾಸ್‌ನ ಹೆಸರು ಅಕೌಂಟ್. ಅದರಲ್ಲಿ ಪ್ರಿಂಟ್ ಅಂತ ಒಂದು ವರ್ಚುವಲ್ ಫಂಕ್ಷನ್, ಅಂದರೆ ಮುಂದಿನ ಕ್ಲಾಸ್‌ಗಳು ತಮ್ಮ ರೀತಿಯಲ್ಲಿ ಬರೆದುಕೊಳ್ಳಬಹುದಾದ ಫಂಕ್ಷನ್ ಇದೆ. ಅದು ಪಬ್ಲಿಕ್, ಹೊರಗಿನ ಯಾರು ಬೇಕಾದರೂ ಕರೆಯಬಹುದು. ಅಕೌಂಟ್‌ನಿಂದ ಹುಟ್ಟಿದ ಸೇವಿಂಗ್ಸ್ ಅನ್ನುವ ಡಿರೈವ್ಡ್ ಕ್ಲಾಸ್ ಅದನ್ನು ಓವರ್‌ರೈಡ್ ಮಾಡಿ, ಅಂದರೆ ತನ್ನ ರೀತಿಯಲ್ಲಿ ಮತ್ತೆ ಬರೆದು, ಪ್ರೈವೇಟ್ ಕೆಳಗೆ ಇಟ್ಟಿದೆ. ಪ್ರೈವೇಟ್ ಅಂದರೆ ಆ ಕ್ಲಾಸ್ ಒಳಗಿನಿಂದ ಮಾತ್ರ ಕರೆಯಬಹುದು. ಅಕೌಂಟ್ ಪಾಯಿಂಟರ್‌ನಲ್ಲಿ ಸೇವಿಂಗ್ಸ್ ಆಬ್ಜೆಕ್ಟ್ ಇಟ್ಟುಕೊಂಡು ಪ್ರಿಂಟ್ ಕರೆದರೆ ಏನಾಗುತ್ತದೆ?

ಇಂಟರ್‌ವ್ಯೂಗೆ ಬಂದವರನ್ನು ಇದನ್ನು ಕೇಳುತ್ತಿರುತ್ತೇನೆ. ಜಾಸ್ತಿ ಜನ ಎರರ್ ಬರುತ್ತದೆ ಅನ್ನುತ್ತಾರೆ. ಬರುವುದಿಲ್ಲ. ಕೋಡ್ ಕಂಪೈಲ್ ಆಗುತ್ತದೆ, ಸೇವಿಂಗ್ಸ್ ಒಳಗಿನ ಆ ಪ್ರೈವೇಟ್ ಪ್ರಿಂಟೇ ಓಡುತ್ತದೆ. ಅದೇ ಸೇವಿಂಗ್ಸ್ ಆಬ್ಜೆಕ್ಟ್ ಮೇಲೆ ನೇರವಾಗಿ ಕರೆದು ನೋಡಿ, ಆಗ ಎರರ್ ಬರುತ್ತದೆ.

ಯಾಕೆ ಹೀಗೆ? ಈ ಹೆಸರನ್ನು ಇಲ್ಲಿಂದ ಕರೆಯಬಹುದಾ ಅಂತ ನೋಡುವುದು ಕಂಪೈಲರ್. ಅದು ಪಾಯಿಂಟರ್‌ನ ಟೈಪ್ ಮಾತ್ರ ನೋಡುತ್ತದೆ. ಅಕೌಂಟ್‌ನಲ್ಲಿ ಪ್ರಿಂಟ್ ಪಬ್ಲಿಕ್, ಸರಿ, ಬಿಟ್ಟುಬಿಡುತ್ತದೆ. ಯಾವ ಪ್ರಿಂಟ್ ಓಡಬೇಕು ಅನ್ನುವುದು ಪ್ರೋಗ್ರಾಮ್ ಓಡುವಾಗ ವಿಟೇಬಲ್, ಅಂದರೆ ಆ ಕ್ಲಾಸ್‌ನ ವರ್ಚುವಲ್ ಫಂಕ್ಷನ್‌ಗಳ ಪಟ್ಟಿ ನೋಡಿ ತೀರ್ಮಾನವಾಗುತ್ತದೆ. ವಿಟೇಬಲ್‌ನಲ್ಲಿ ಇರುವುದು ಫಂಕ್ಷನ್‌ನ ಅಡ್ರೆಸ್. ಅದು ಪ್ರೈವೇಟ್ ಅನ್ನುವ ಗುರುತು ಅಲ್ಲಿ ಇರುವುದೇ ಇಲ್ಲ.

ಜಾವಾದಲ್ಲಿ ಈ ಗೊಂದಲ ಇಲ್ಲ. ಪಬ್ಲಿಕ್ ಮೆಥಡ್ ಓವರ್‌ರೈಡ್ ಮಾಡುವಾಗ ಪ್ರೈವೇಟ್ ಮಾಡಲು ಹೋದರೆ ಕಂಪೈಲರ್ ಅಲ್ಲೇ ತಡೆಯುತ್ತದೆ. ಸಿ ಶಾರ್ಪ್ ಕೂಡ ಬಿಡುವುದಿಲ್ಲ. ಸಿ ಪ್ಲಸ್ ಪ್ಲಸ್ ಬಿಡುತ್ತದೆ. ಹಾಗಂತ ನಾವು ಸುಮ್ನೆ ಮಾಡಬಾರದು. ಕೋಡ್ ಓದುವವರು ಆ ಪ್ರೈವೇಟ್ ನೋಡಿ, ಹೊರಗಿನಿಂದ ಯಾರೂ ಕರೆಯಲಾರರು ಅಂತ ನಂಬಿಬಿಡುತ್ತಾರೆ, ಅಲ್ವಾ?

ಆದರೆ ಇದೇ ನಿಯಮವನ್ನು ಬೇಸ್ ಕ್ಲಾಸ್‌ನಲ್ಲಿ ಬಳಸಿ ನೋಡಿ. ಪ್ರೈವೇಟ್ ವರ್ಚುವಲ್ ಫಂಕ್ಷನ್ ಅನ್ನು ಡಿರೈವ್ಡ್ ಕ್ಲಾಸ್ ಕರೆಯುವ ಹಾಗಿಲ್ಲ, ಓವರ್‌ರೈಡ್ ಮಾಡಬಹುದು. ಕಾಲೇಜಿನಲ್ಲಿ ಪ್ರೈವೇಟ್ ಅಂದರೆ ಡಿರೈವ್ಡ್ ಕ್ಲಾಸ್‌ಗೆ ಸಿಗಲ್ಲ ಅಂತಷ್ಟೇ ಬಾಯಿಪಾಠ ಮಾಡಿಸುತ್ತಾರೆ. ಅದಕ್ಕೇ ಈ ಒಳ್ಳೆಯ ಸಾಧನ ಎಷ್ಟೋ ಜನರ ಕೈಗೆ ಬರುವುದೇ ಇಲ್ಲ. ಸಿ ಪ್ಲಸ್ ಪ್ಲಸ್ ಪರಿಣತ ಹರ್ಬ್ ಸಟರ್ 2001ರಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ.

ಅಕೌಂಟ್‌ನಲ್ಲಿ ವಿತ್‌ಡ್ರಾ ಪಬ್ಲಿಕ್ ಇರಲಿ, ವರ್ಚುವಲ್ ಬೇಡ. ಅದು ಮೊದಲು ಮೊತ್ತ ಸೊನ್ನೆಗಿಂತ ಜಾಸ್ತಿ ಇದೆಯಾ ನೋಡುತ್ತದೆ. ಆಮೇಲೆ ಡು ವಿತ್‌ಡ್ರಾ ಅನ್ನುವ ಪ್ರೈವೇಟ್ ವರ್ಚುವಲ್ ಫಂಕ್ಷನ್ ಕರೆಯುತ್ತದೆ. ಕೊನೆಗೆ ಲಾಗ್ ಬರೆಯುತ್ತದೆ. ಸೇವಿಂಗ್ಸ್ ಬರೆಯುವವರು ನಡುವಿನ ಆ ಒಂದು ಹೆಜ್ಜೆಯನ್ನು ಮಾತ್ರ ಬದಲಿಸುತ್ತಾರೆ. ವಿತ್‌ಡ್ರಾ ಕರೆದಾಗ ಚೆಕ್ ತಪ್ಪುವುದಿಲ್ಲ. ವಿತ್‌ಡ್ರಾವನ್ನೇ ಪಬ್ಲಿಕ್ ವರ್ಚುವಲ್ ಮಾಡಿದ್ದರೆ ಪ್ರತಿ ಡಿರೈವ್ಡ್ ಕ್ಲಾಸ್‌ನವರೂ ಆ ಚೆಕ್ ಅನ್ನು ನೆನಪಿಟ್ಟುಕೊಂಡು ಬರೆಯಬೇಕಿತ್ತು. ಹತ್ತು ಕ್ಲಾಸ್ ಇದ್ದರೆ ಒಂದರಲ್ಲಿ ಮರೆತೇ ಮರೆಯುತ್ತಾರೆ.

ಓವರ್‌ರೈಡ್ ಅನ್ನುವ ಪದವನ್ನೂ ತಪ್ಪದೆ ಬರೆಯಿರಿ. ಸಿ ಪ್ಲಸ್ ಪ್ಲಸ್ 11ರಿಂದ ಅದು ಇದೆ. ಅದಿಲ್ಲದೆ ಒಂದು ಕಾನ್ಸ್ಟ್, ಅಂದರೆ ಈ ಫಂಕ್ಷನ್ ಆಬ್ಜೆಕ್ಟನ್ನು ಬದಲಿಸುವುದಿಲ್ಲ ಅನ್ನುವ ಗುರುತು, ಬಿಟ್ಟುಹೋದರೆ ಓವರ್‌ರೈಡ್ ಬದಲು ಬೇರೆಯೇ ಫಂಕ್ಷನ್ ಹುಟ್ಟಿಕೊಳ್ಳುತ್ತದೆ.

ಡಿಸ್ಟ್ರಕ್ಟರ್‌ಗೆ ಮಾತ್ರ, ಅಂದರೆ ಆಬ್ಜೆಕ್ಟ್ ಅಳಿಯುವಾಗ ಓಡುವ ಫಂಕ್ಷನ್‌ಗೆ, ವರ್ಚುವಲ್ ಅನ್ನು ಪ್ರೈವೇಟ್ ಇಡಿ ಅನ್ನುವ ಮಾತು ಅನ್ವಯಿಸುವುದಿಲ್ಲ. ಬೇಸ್ ಪಾಯಿಂಟರ್‌ನಿಂದ ಡಿಲೀಟ್ ಮಾಡುವುದಾದರೆ ಅದು ಪಬ್ಲಿಕ್ ಮತ್ತು ವರ್ಚುವಲ್ ಆಗಿರಲೇಬೇಕು. ಹಾಗೆ ಡಿಲೀಟ್ ಮಾಡುವುದೇ ಬೇಡ ಅಂದರೆ ಪ್ರೊಟೆಕ್ಟೆಡ್ ಮಾಡಿ, ಅಂದರೆ ಕ್ಲಾಸ್ ಒಳಗೆ ಮತ್ತು ಡಿರೈವ್ಡ್ ಕ್ಲಾಸ್‌ಗಳಿಗೆ ಮಾತ್ರ ಸಿಗುವ ಹಾಗೆ ಇಟ್ಟು, ವರ್ಚುವಲ್ ತೆಗೆಯಿರಿ.