ನಗೋಯಾಕ್ಕೆ ಬಂದ ಅಮೆರಿಕನ್ ಹೊಡೆತಗಾರ

ಕೇಳುಗರಿಗೆ ನಮಸ್ಕಾರ.

ಪರದೇಶಕ್ಕೆ ಹೋದವನು ಅಲ್ಲಿಯ ರೀತಿ ರಿವಾಜು ತಿಳಿಯದೆ ಮುಗ್ಗರಿಸುವುದು ಸಿನಿಮಾದವರಿಗೆ ಹಳೆಯ ಬಂಡವಾಳ. ಅದರಲ್ಲೂ ಜಪಾನ್ ಅಂದರೆ ಕೇಳುವುದೇ ಬೇಡ. ಬೂಟು ಬಿಚ್ಚದೆ ಮನೆಯೊಳಗೆ ಕಾಲಿಡುವುದು, ಮೈಗೆ ಸೋಪು ಹಚ್ಚಿಕೊಂಡೇ ಬಿಸಿನೀರಿನ ತೊಟ್ಟಿಗೆ ಇಳಿಯುವುದು, ಅನ್ನದ ಬಟ್ಟಲಲ್ಲಿ ಊಟದ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿಡುವುದು. ಈ ಕೊನೆಯದು ಅಲ್ಲಿ ಸತ್ತವರಿಗೆ ಎಡೆ ಇಡುವ ಕ್ರಮ. ಇಂಥವನ್ನು ಪೋಣಿಸಿದರೆ ಅರ್ಧ ಗಂಟೆ ನಗುವಿಗೆ ಮೋಸವಿಲ್ಲ. ಉಳಿದ ಹೊತ್ತನ್ನು ಹೇಗೆ ತುಂಬುತ್ತಾರೆ ಅನ್ನುವುದರಲ್ಲೇ ಚಿತ್ರದ ಯೋಗ್ಯತೆ ಗೊತ್ತಾಗುವುದು.

1992ರಲ್ಲಿ ಬಂದ 'ಮಿಸ್ಟರ್ ಬೇಸ್‌ಬಾಲ್' ಈ ವಿಷಯದಲ್ಲಿ ಪರವಾಗಿಲ್ಲ. ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡದಲ್ಲಿ ಮೆರೆದು ಈಗ ವಯಸ್ಸಾಗುತ್ತಿರುವ ಜ್ಯಾಕ್ ಎಲಿಯಟ್‌ನನ್ನು ತಂಡದವರು ಜಪಾನಿನ ನಗೋಯಾ ಊರಿನ ಚುನಿಚಿ ಡ್ರ್ಯಾಗನ್ಸ್ ತಂಡಕ್ಕೆ ಸಾಗಹಾಕುತ್ತಾರೆ. ಚುನಿಚಿ ಡ್ರ್ಯಾಗನ್ಸ್ ಕಟ್ಟುಕತೆಯ ತಂಡವಲ್ಲ, 1936ರಿಂದ ಇರುವಂಥದ್ದು. ಜ್ಯಾಕ್ ಆಗಿ ಟಾಮ್ ಸೆಲೆಕ್, ತಂಡವನ್ನು ಆಡಿಸುವ ಮ್ಯಾನೇಜರ್ ಉಚಿಯಾಮಾ ಆಗಿ ಕೆನ್ ತಕಾಕುರಾ. ಮಾತು ಕಡಿಮೆ, ಕೈ ಜೋರು ಅನ್ನುವಂಥ ಗೂಂಡಾ ನಾಯಕನ ಪಾತ್ರಗಳಿಂದ ಜಪಾನಿನಲ್ಲಿ ಮನೆಮಾತಾದ ನಟ ಇವರು. ಅವರನ್ನು ಹಾಸ್ಯಚಿತ್ರಕ್ಕೆ ಹಾಕಿಕೊಂಡದ್ದೇ ಜಾಣತನ. ತುಟಿ ಅಲುಗಿಸದೆ ನಿಂತಿರುತ್ತಾರೆ, ನಗು ನಮಗೆ ಬರುತ್ತದೆ.

ನನಗೆ ಹಿಡಿಸಿದ್ದು ಕುಡಿತದ ದೃಶ್ಯ. ಕೆಲಸದ ಹೊತ್ತಿನಲ್ಲಿ ಮೇಲಿನವರ ಎದುರು ಬಾಯಿ ಬಿಡದವನು ಗುಂಡಿನ ಪಾರ್ಟಿಯಲ್ಲಿ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಬಿಡಬಹುದು, ಬೆಳಗಾದ ಮೇಲೆ ಯಾರೂ ಅದನ್ನು ಎತ್ತಿ ಆಡುವುದಿಲ್ಲ. ಜ್ಯಾಕ್ ಈ ಸೌಲಭ್ಯವನ್ನು ಚೆನ್ನಾಗಿ ಬಳಸಿಕೊಂಡು ಉಚಿಯಾಮಾಗೆ ನೀರಿಳಿಸುತ್ತಾನೆ. ಇಲ್ಲಿ ಅವನು ಎಡವುತ್ತಿಲ್ಲ, ಆ ಊರಿನ ರಿವಾಜನ್ನೇ ಹಿಡಿದು ಗೆಲ್ಲುತ್ತಿದ್ದಾನೆ. ನಿರ್ದೇಶಕ ಫ್ರೆಡ್ ಶೆಪಿಸಿ ಆಸ್ಟ್ರೇಲಿಯಾದವರು. ಎರಡೂ ಕಡೆಗೆ ಹೊರಗಿನವರಾಗಿದ್ದುದು ಅನುಕೂಲವೇ ಆಗಿರಬೇಕು.

ಚೆಂಡನ್ನು ಬೇಲಿಯಾಚೆ ದಾಟಿಸುವ ಹೊಡೆತಕ್ಕೆ ಹೋಮ್ ರನ್ ಅನ್ನುತ್ತಾರೆ. ಸತತ ಪಂದ್ಯಗಳಲ್ಲಿ ಹೋಮ್ ರನ್ ಹೊಡೆದ ದಾಖಲೆ, ಹಿಂದೆ ತಾವೂ ಆಟಗಾರರಾಗಿದ್ದ ಉಚಿಯಾಮಾ ಹೆಸರಿನಲ್ಲಿದೆ. ಕೊನೆಯ ಪಂದ್ಯ ಟೋಕಿಯೊದ ಯೊಮಿಯುರಿ ಜೈಂಟ್ಸ್ ಮೇಲೆ. ತಂಡ ಒಂದು ರನ್ ಹಿಂದಿದೆ, ಜ್ಯಾಕ್‌ಗೆ ದಾಖಲೆ ಕೈಗೆಟಕುವಷ್ಟು ಹತ್ತಿರದಲ್ಲಿದೆ. ಹೊಡೆ ಎಂದು ಉಚಿಯಾಮಾ ತಾವೇ ಒಪ್ಪಿಗೆ ಕೊಡುತ್ತಾರೆ. ಜ್ಯಾಕ್ ಹೊಡೆಯುವುದಿಲ್ಲ, ಬಂಟ್ ಮಾಡುತ್ತಾನೆ. ಅಂದರೆ ಬ್ಯಾಟನ್ನು ಬೀಸದೆ ಅಡ್ಡ ಹಿಡಿದು ಚೆಂಡನ್ನು ಮೆಲ್ಲಗೆ ಕೆಳಗೆ ಬೀಳಿಸುತ್ತಾನೆ, ಬೇಸ್ ಮೇಲಿದ್ದ ಜೊತೆಗಾರ ಓಡಿ ಬಂದು ರನ್ ತರುತ್ತಾನೆ.

ನೋಡುವುದಕ್ಕೆ ಚೆಂದ. ಆದರೆ ನಿಜವಾದ ಮೈದಾನದಲ್ಲಿ ಇಂಥ ದೊಡ್ಡ ಮನಸ್ಸು ಕಂಡಿರಲಿಲ್ಲ. 1985ರಲ್ಲಿ ಹ್ಯಾನ್ಶಿನ್ ಟೈಗರ್ಸ್ ತಂಡದ ಅಮೆರಿಕನ್ ರ‍್ಯಾಂಡಿ ಬಾಸ್ ಒಂದೇ ಋತುವಿನಲ್ಲಿ 54 ಹೋಮ್ ರನ್ ಹೊಡೆದಿದ್ದರು. ಜೈಂಟ್ಸ್ ಆಟಗಾರ ಸದಾಹರು ಓ 1964ರ ಋತುವಿನಲ್ಲಿ ಮಾಡಿದ್ದ ದಾಖಲೆ 55. ಬಾಸ್‌ಗೆ ಉಳಿದಿದ್ದ ಪಂದ್ಯಗಳು ಜೈಂಟ್ಸ್ ಮೇಲೆ, ಜೈಂಟ್ಸ್‌ನ ಮ್ಯಾನೇಜರ್ ಅದೇ ಓ! ಪಿಚರ್‌ಗಳು ಬ್ಯಾಟಿಗೆ ನಿಲುಕದಂತೆ ಚೆಂಡೆಸೆದು ಮತ್ತೆ ಮತ್ತೆ ಬಾಸ್‌ರನ್ನು ಪುಕ್ಕಟೆ ಮೊದಲ ಬೇಸ್‌ಗೆ ಕಳಿಸಿದರು. ಬಾಸ್ 54ಕ್ಕೇ ನಿಂತರು. ಹಾಗೆ ಮಾಡಿ ಎಂದು ತಾನು ಹೇಳಲಿಲ್ಲ ಎನ್ನುವುದು ಓ ಅವರ ಮಾತು. 2001ರಲ್ಲಿ ಟಫಿ ರೋಡ್ಸ್ ಎಂಬ ಇನ್ನೊಬ್ಬ ಅಮೆರಿಕನ್ 55 ಮುಟ್ಟಿದಾಗಲೂ ಎದುರಿಗೆ ಓ ಮ್ಯಾನೇಜರ್ ಆಗಿದ್ದ ತಂಡವೇ ಬಂತು, ಅದೇ ಆಟವೇ ನಡೆಯಿತು.

ಸೋಜಿಗವೆಂದರೆ ಈ ಓ ಕೂಡ ಕಾಗದಪತ್ರದ ಲೆಕ್ಕದಲ್ಲಿ ಪರದೇಶಿಯೇ. ಹುಟ್ಟಿದ್ದು ಟೋಕಿಯೊದಲ್ಲಿ, ತಂದೆ ಚೀನಾದವರು. ಪೌರತ್ವದ ಕಾರಣಕ್ಕೆ ಹೈಸ್ಕೂಲಿನಲ್ಲಿದ್ದಾಗ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಆಡುವ ಅವಕಾಶ ಅವರಿಗೆ ತಪ್ಪಿತ್ತು. ಮುಂದೆ ತಮ್ಮ ಆಟದ ಬದುಕಿನುದ್ದಕ್ಕೂ ಒಟ್ಟು 868 ಹೋಮ್ ರನ್ ಹೊಡೆದು ಆ ದೇಶದ ಕಣ್ಮಣಿಯಾದರು. ಅಂಥವರ ಹೆಸರಿನ ದಾಖಲೆಯನ್ನು ಹೊರಗಿನವರಿಂದ ಕಾಯಬೇಕೆಂದು ಉಳಿದವರು ಟೊಂಕ ಕಟ್ಟಿ ನಿಂತರು ನೋಡಿ, ಯಾವ ಹಾಸ್ಯಚಿತ್ರದವರಿಗೂ ಇದು ಹೊಳೆದಿಲ್ಲ.

ಕಡೆಗೂ 2013ರಲ್ಲಿ ಕುರಸಾವ್ ದ್ವೀಪದ ವ್ಲಾಡಿಮಿರ್ ಬ್ಯಾಲೆಂಟಿನ್ ಆ ದಾಖಲೆ ಮುರಿದು 60ಕ್ಕೆ ಒಯ್ದರು. ಐವತ್ತಾರನೆಯದಕ್ಕೆ ಚೆಂಡೆಸೆದವನು ಹ್ಯಾನ್ಶಿನ್ ಟೈಗರ್ಸ್ ಪಿಚರ್, ಬಾಸ್ ಆಡಿದ್ದ ತಂಡದವನೇ.

ನಮಸ್ಕಾರ.